ಮೊದಲ ಸಿನಿಮಾದ ಚಿತ್ರಕಥೆಗೆ ಓದುಗರು ಬೇಕು
ಚಿತ್ರಕಥೆ ಲ್ಯಾಬ್‌ಗಳಿಗೆ ಅರ್ಜಿ ಹಾಕಲು ಹೊರಟ ಹೊಸ ನಿರ್ದೇಶಕರಿಗೊಂದು ಕೈಪಿಡಿ

ಗಾಂಧಿನಗರದಲ್ಲಿ ಕಥೆ ಕೇಳುವವರು ಹೆಚ್ಚು, ಓದುವವರು ಕಡಿಮೆ. ನಿರ್ಮಾಪಕರ ಆಫೀಸಿನಲ್ಲೋ ಹೋಟೆಲಿನ ಮೂಲೆ ಟೇಬಲಿನಲ್ಲೋ ಕೂತು ಹೊಸ ನಿರ್ದೇಶಕ ಎರಡು ಗಂಟೆ ಕಥೆ ಹೇಳುತ್ತಾನೆ. ಇಂಟರ್‌ವಲ್ ಬ್ಲಾಕ್ ಬಂದಾಗ ದನಿ ಏರಿಸುತ್ತಾನೆ, ಕ್ಲೈಮ್ಯಾಕ್ಸಿಗೆ ಎದ್ದು ನಿಲ್ಲುತ್ತಾನೆ, ಹಿನ್ನೆಲೆ ಸಂಗೀತವನ್ನೂ ಬಾಯಲ್ಲೇ ನುಡಿಸುತ್ತಾನೆ. ಹೇಳುವವನಲ್ಲಿ ಕಸುವಿದ್ದರೆ ಸಡಿಲವಾದ ಕಥೆಯೂ ಆ ಹೊತ್ತಿಗೆ ಗಟ್ಟಿಯಾಗಿಯೇ ಕೇಳಿಸುತ್ತದೆ. ಅಡ್ವಾನ್ಸೂ ಸಿಕ್ಕೀತು. ಎಲ್ಲಿ ಸಡಿಲವಿತ್ತು ಎನ್ನುವುದು ಗೊತ್ತಾಗುವುದು ಎಡಿಟಿಂಗ್‌ಗೆ ಕೂತಾಗ. ಅಷ್ಟರಲ್ಲಿ ದುಡ್ಡೂ ಮುಗಿದಿರುತ್ತದೆ, ಸೆಟ್ಟೂ ಕಳಚಿರುತ್ತದೆ.

ಕನ್ನಡದ ಹೊಸ ಅಲೆಯ ಚೊಚ್ಚಲ ಚಿತ್ರಗಳಿಗೆ ಈ ಅಪಾಯ ಅಷ್ಟಾಗಿ ಇರಲಿಲ್ಲ. ಪಟ್ಟಾಭಿರಾಮ ರೆಡ್ಡಿ 1970ರಲ್ಲಿ ‘ಸಂಸ್ಕಾರ’ ಮಾಡಿದಾಗ ಅವರ ಕೈಯಲ್ಲಿ ಯು.ಆರ್. ಅನಂತಮೂರ್ತಿಯವರ ಕಾದಂಬರಿಯಿತ್ತು. ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು 1971ರಲ್ಲಿ ‘ವಂಶವೃಕ್ಷ’ಕ್ಕೆ ಕೈಹಾಕಿದಾಗ ಎಸ್.ಎಲ್. ಭೈರಪ್ಪನವರ ಕಾದಂಬರಿಯಿತ್ತು. ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’ಕ್ಕೆ (1977) ಮತ್ತೆ ಅನಂತಮೂರ್ತಿಯವರ ಕಥೆ. ಇವೆಲ್ಲ ಅಚ್ಚಾಗಿ, ಸಾವಿರಾರು ಜನ ಓದಿ, ಮೆಚ್ಚಿ, ಜಗಳವಾಡಿದ್ದ ಬರಹಗಳು. ಪಾತ್ರ ನಿಲ್ಲುತ್ತದೆಯೋ ಇಲ್ಲವೋ ಎಂಬ ಪರೀಕ್ಷೆ ಕ್ಯಾಮೆರಾ ಬರುವ ಮುಂಚೆಯೇ ಮುಗಿದಿತ್ತು. ಈಗ ಮೊದಲ ಸಿನಿಮಾ ಮಾಡಹೊರಟವರಲ್ಲಿ ಹೆಚ್ಚಿನವರದು ಸ್ವಂತ ಕಥೆ. ಅದನ್ನು ಕೇಳಿದವರಿರುತ್ತಾರೆ; ಮೊದಲ ಪುಟದಿಂದ ಕೊನೆಯ ಪುಟದವರೆಗೆ ಪೆನ್ಸಿಲ್ ಹಿಡಿದು ಓದಿದವರು ಇರುವುದಿಲ್ಲ.

ಆ ಓದುಗರನ್ನು ಒದಗಿಸುವ ಏರ್ಪಾಡಿಗೆ ಚಿತ್ರಕಥೆ ಲ್ಯಾಬ್ ಎಂದು ಹೆಸರು. ಅದು ಹೇಗೆ ನಡೆಯುತ್ತದೆ, ಅರ್ಜಿಯಲ್ಲಿ ಏನಿರಬೇಕು, ಆಯ್ಕೆಯಾದರೆ ಏನು, ಆಗದಿದ್ದರೆ ಏನು ಎಂಬುದನ್ನು ಒಂದೊಂದಾಗಿ ನೋಡೋಣ.

ಲ್ಯಾಬಿನಲ್ಲಿ ಏನು ಸಿಗುತ್ತದೆ

ಈ ಪದ್ಧತಿಗೆ ಮಾದರಿ ಹಾಕಿಕೊಟ್ಟದ್ದು ಅಮೆರಿಕದ ಸನ್‌ಡ್ಯಾನ್ಸ್ ಸಂಸ್ಥೆ. ನಟ, ನಿರ್ದೇಶಕ ರಾಬರ್ಟ್ ರೆಡ್‌ಫರ್ಡ್ 1981ರಲ್ಲಿ ಯೂಟಾದ ಬೆಟ್ಟಗಳ ನಡುವೆ ಹೊಸಬರನ್ನೂ ಅನುಭವಿಗಳನ್ನೂ ಒಟ್ಟಿಗೆ ಕೂರಿಸಿ ಶಿಬಿರ ಶುರುಮಾಡಿದರು. ಹೊಸಬರು ಚಿತ್ರಕಥೆಯೊಂದಿಗೆ ಬರಬೇಕು. ಸಿನಿಮಾ ಮಾಡಿ ಪಳಗಿದವರು ಅದನ್ನು ಮೊದಲೇ ಓದಿಕೊಂಡು ಬಂದು, ಒಬ್ಬೊಬ್ಬರ ಜೊತೆಗೂ ಗಂಟೆಗಟ್ಟಲೆ ಎದುರುಬದುರು ಕೂತು ಮಾತಾಡಬೇಕು. ಇದೇ ನಮೂನೆ ಆಮೇಲೆ ಜಗತ್ತಿನ ಅನೇಕ ಕಡೆ ಹರಡಿತು. ಕಾನ್ ಚಿತ್ರೋತ್ಸವ 2000ದಲ್ಲಿ ಪ್ಯಾರಿಸ್ಸಿನಲ್ಲಿ ‘ರೆಸಿಡೆನ್ಸ್’ ಆರಂಭಿಸಿತು. ಇಟಲಿಯ ಟೊರಿನೊ ಫಿಲ್ಮ್ ಲ್ಯಾಬ್ 2008ರಲ್ಲಿ ಬಂತು. ಭಾರತದಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ, ಅಂದರೆ ಎನ್‌ಎಫ್‌ಡಿಸಿ, 2007ರಲ್ಲಿ ಸ್ಕ್ರೀನ್‌ರೈಟರ್ಸ್ ಲ್ಯಾಬ್ ಶುರುಮಾಡಿತು.

ಎನ್‌ಎಫ್‌ಡಿಸಿ ಲ್ಯಾಬಿನಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಆರರಿಂದ ಎಂಟು ಚಿತ್ರಕಥೆಗಳಿಗೆ ಜಾಗ. ದೇಶವಿದೇಶದ ಮಾರ್ಗದರ್ಶಕರು ಓದಿ ಅಭಿಪ್ರಾಯ ಹೇಳುತ್ತಾರೆ, ಬರಹಗಾರ ಮನೆಗೆ ಹೋಗಿ ತಿದ್ದಿ ಬರೆಯುತ್ತಾನೆ, ಮತ್ತೆ ಕೂರುತ್ತಾರೆ. ಕೊನೆಗೆ ನವೆಂಬರಿನಲ್ಲಿ ಗೋವಾದ ಫಿಲ್ಮ್ ಬಜಾರಿನಲ್ಲಿ (ಈಗ ಅದು ವೇವ್ಸ್ ಫಿಲ್ಮ್ ಬಜಾರ್) ನಿರ್ಮಾಪಕರ ಮುಂದೆ ಕಥೆ ಮಂಡಿಸುವ ಅವಕಾಶ. ‘ತಿತ್ಲಿ’, ‘ದಮ್ ಲಗಾ ಕೆ ಹೈಶಾ’, ‘ಐಲ್ಯಾಂಡ್ ಸಿಟಿ’, ‘ಲಿಪ್‌ಸ್ಟಿಕ್ ಅಂಡರ್ ಮೈ ಬುರ್ಖಾ’ ಚಿತ್ರಗಳ ಚಿತ್ರಕಥೆಗಳು ಈ ಲ್ಯಾಬ್ ಹಾದು ಬಂದವು. ಒಂದಕ್ಕೊಂದು ಹೋಲಿಕೆಯಿಲ್ಲ. ಒಂದು ದಿಲ್ಲಿಯ ಕಾರುಗಳ್ಳರ ಮನೆಯ ಕಥೆ, ಇನ್ನೊಂದು ಹರಿದ್ವಾರದ ಕ್ಯಾಸೆಟ್ ಅಂಗಡಿಯವನ ಮದುವೆಯ ಹಾಸ್ಯ. ಲ್ಯಾಬ್ ಎಂದರೆ ಪ್ರಶಸ್ತಿ ಸಿನಿಮಾದವರಿಗೆ ಮಾತ್ರ ಎಂಬ ಅಳುಕಿದ್ದರೆ ಈ ಪಟ್ಟಿಯನ್ನೊಮ್ಮೆ ನೋಡಿ.

ಅಲ್ಲಿ ಸಿಗದಿರುವುದನ್ನೂ ತಿಳಿದಿರಬೇಕು. ಲ್ಯಾಬ್ ನಿಮ್ಮ ಕಥೆಯನ್ನು ಬರೆದುಕೊಡುವುದಿಲ್ಲ. ಸಿನಿಮಾಕ್ಕೆ ಬಂಡವಾಳ ಹಾಕುವುದಿಲ್ಲ. ಚಿತ್ರಕಥೆ ಬರೆಯುವುದನ್ನು ಅಆಇಈಯಿಂದ ಕಲಿಸುವುದೂ ಇಲ್ಲ. ಕೈಯಲ್ಲಿ ಪೂರ್ತಿ ಕರಡು, ಅಥವಾ ಕನಿಷ್ಠ ಗಟ್ಟಿಯಾದ ಟ್ರೀಟ್‌ಮೆಂಟ್ ಇರುವವರಿಗೆ ಮಾತ್ರ ಅದರಿಂದ ಉಪಯೋಗ.

ಒಂದು ಚಿತ್ರಕಥೆ ಈ ದಾರಿಯಲ್ಲಿ ಹೇಗೆ ಸಾಗುತ್ತದೆ ಎಂಬುದಕ್ಕೆ ರಿತೇಶ್ ಬಾತ್ರಾ ಅವರ ‘ದಿ ಲಂಚ್‌ಬಾಕ್ಸ್’ ಒಳ್ಳೆಯ ಉದಾಹರಣೆ. ಮುಂಬೈನ ಡಬ್ಬಾವಾಲಾಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡಬೇಕೆಂದು ಅವರ ಜೊತೆ ಓಡಾಡಿದ ಬಾತ್ರಾ, ಡಬ್ಬಿ ಕಳಿಸುವ ಮನೆಗಳ ಸುದ್ದಿ ಕೇಳುತ್ತ ಕೇಳುತ್ತ ಕಥಾಚಿತ್ರದ ಕಡೆ ಹೊರಳಿದರು. ಮೊದಲ ಕರಡು 2011ರಲ್ಲಿ ಮುಗಿಯಿತು. 2012ರಲ್ಲಿ ರಾಟರ್‌ಡ್ಯಾಮ್ ಚಿತ್ರೋತ್ಸವದ ಸಿನೆಮಾರ್ಟ್ ಮಾರುಕಟ್ಟೆಯಲ್ಲಿ ಅದಕ್ಕೆ ತೀರ್ಪುಗಾರರ ಮೆಚ್ಚುಗೆ ಸಿಕ್ಕಿತು. ಬರ್ಲಿನ್ನಿನ ಟ್ಯಾಲೆಂಟ್ ಪ್ರಾಜೆಕ್ಟ್ ಮಾರ್ಕೆಟ್, ಟೊರಿನೊ ಲ್ಯಾಬ್‌ಗಳಲ್ಲೂ ಪಳಗಿತು. ಎನ್‌ಎಫ್‌ಡಿಸಿ ಸಹನಿರ್ಮಾಪಕನಾಯಿತು, ಫ್ರಾನ್ಸ್ ಮತ್ತು ಜರ್ಮನಿಯ ಕಂಪನಿಗಳು ಕೈಜೋಡಿಸಿದವು. 2013ರ ಮೇ ತಿಂಗಳಲ್ಲಿ ಕಾನ್‌ನ ಕ್ರಿಟಿಕ್ಸ್ ವೀಕ್‌ನಲ್ಲಿ ಸಿನಿಮಾ ತೆರೆಕಂಡಿತು. ಬರಹವನ್ನು ಓದಿದವರೇ ಮುಂದೆ ದುಡ್ಡು ಹಾಕುವವರನ್ನೂ ಹತ್ತಿರ ತಂದರು. ಲ್ಯಾಬಿನ ಎರಡನೆಯ ಲಾಭ ಇದು.

ನಿಮಗೆ ಸರಿಹೊಂದುವುದು ಯಾವುದು?

ಎಲ್ಲ ಲ್ಯಾಬೂ ಎಲ್ಲರಿಗೂ ಅಲ್ಲ. ನಿಮ್ಮ ಕೆಲಸ ಯಾವ ಹಂತದಲ್ಲಿದೆ ಎಂಬುದನ್ನು ನೋಡಿಕೊಂಡು ಆರಿಸಿಕೊಳ್ಳಿ.

ಕಥೆ ಇನ್ನೂ ಹೊಟ್ಟೆಯಲ್ಲೇ ಇದೆ, ಕೂತು ಬರೆಯಲು ಜಾಗ ಮತ್ತು ಬಿಡುವು ಬೇಕು ಎನ್ನುವವರಿಗೆ ಪ್ಯಾರಿಸ್ಸಿನ ರೆಸಿಡೆನ್ಸ್‌ನಂಥ ವಸತಿ ಶಿಬಿರಗಳು. ಅಲ್ಲಿ ಸುಮಾರು ನಾಲ್ಕೂವರೆ ತಿಂಗಳು ಉಳಿದುಕೊಳ್ಳಬೇಕು. ಒಮ್ಮೆಗೆ ಆರು ಜನ, ವರ್ಷಕ್ಕೆ ಎರಡು ತಂಡ. ಆದರೆ ಅಲ್ಲಿಗೆ ಹೋಗುವವರು ಒಂದೆರಡು ಗಮನಾರ್ಹ ಕಿರುಚಿತ್ರಗಳನ್ನಾದರೂ ಮಾಡಿ ತೋರಿಸಿರುತ್ತಾರೆ. ಹಂಗೇರಿಯ ಲಾಸ್ಲೊ ನೆಮೆಶ್ ತಮ್ಮ ಮೊದಲ ಚಿತ್ರ ‘ಸನ್ ಆಫ್ ಸೌಲ್’ನ ಬರವಣಿಗೆಗೆ 2011ರಲ್ಲಿ ಅಲ್ಲಿದ್ದರು. ಆ ಚಿತ್ರ 2015ರಲ್ಲಿ ಕಾನ್‌ನಲ್ಲಿ ಗ್ರ್ಯಾನ್ ಪ್ರಿ ಪಡೆಯಿತು. ನಡುವಿನ ನಾಲ್ಕು ವರ್ಷವನ್ನು ಗಮನಿಸಿ. ನಮ್ಮ ಪಾಯಲ್ ಕಪಾಡಿಯಾ 2019ರಲ್ಲಿ ಅಲ್ಲಿ ತಂಗಿದ್ದರು. 2024ರಲ್ಲಿ ಅದೇ ಗ್ರ್ಯಾನ್ ಪ್ರಿ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ ಪಾಲಾಯಿತು.

ಪೂರ್ತಿ ಕರಡು ಕೈಯಲ್ಲಿದೆ, ಎಲ್ಲೋ ತೂಕ ತಪ್ಪಿದೆ, ಎಲ್ಲೆಂದು ಗೊತ್ತಾಗುತ್ತಿಲ್ಲ ಎನ್ನುವವರಿಗೆ ಎನ್‌ಎಫ್‌ಡಿಸಿ ಅಥವಾ ಸನ್‌ಡ್ಯಾನ್ಸ್ ಬಗೆಯ ಲ್ಯಾಬ್. ಕನ್ನಡದಲ್ಲೇ ಸಿನಿಮಾ ಮಾಡಬೇಕೆನ್ನುವವರಿಗೆ ಮೊದಲು ಎನ್‌ಎಫ್‌ಡಿಸಿಯೇ ಸರಿ. ಪ್ರಯಾಣದ ಖರ್ಚು ಕಡಿಮೆ, ನಮ್ಮ ಭಾಷೆ ಮತ್ತು ಸಮಾಜ ಪೂರ್ತಿ ಅಪರಿಚಿತವಲ್ಲದ ಓದುಗರು ಸಿಗುತ್ತಾರೆ, ಕೊನೆಗೆ ಗೋವಾದಲ್ಲಿ ಭಾರತದ ನಿರ್ಮಾಪಕರು ಸಿಗುತ್ತಾರೆ.

ಚಿತ್ರಕಥೆ ಮುಗಿದಿದೆ, ಬರೀ ಹಣ ಬೇಕು ಎನ್ನುವವರು ನೋಡಬೇಕಾದ್ದು ಲ್ಯಾಬನ್ನಲ್ಲ. ಫಿಲ್ಮ್ ಬಜಾರಿನ ಕೋ-ಪ್ರೊಡಕ್ಷನ್ ಮಾರ್ಕೆಟ್ಟನ್ನು, ಅಥವಾ ರಾಟರ್‌ಡ್ಯಾಮಿನ ಹ್ಯೂಬರ್ಟ್ ಬಾಲ್ಸ್ ಫಂಡ್‌ನಂಥ ನಿಧಿಗಳನ್ನು. ಶೂಟಿಂಗ್ ಮುಗಿದು ಒರಟು ಎಡಿಟ್ ಕೈಯಲ್ಲಿದ್ದರೆ ಫಿಲ್ಮ್ ಬಜಾರಿನದೇ ಬೇರೊಂದು ವಿಭಾಗವಿದೆ: ವರ್ಕ್-ಇನ್-ಪ್ರೋಗ್ರೆಸ್ ಲ್ಯಾಬ್. ಕನ್ನಡದವರಿಗೆ ಹೆಚ್ಚು ಒಲಿದಿರುವುದು ಇದೇ. ರಾಮ್ ರೆಡ್ಡಿಯವರ ‘ತಿಥಿ’, ನಟೇಶ್ ಹೆಗಡೆಯವರ ‘ಪೆಡ್ರೊ’, ಎರಡೂ ಮೊದಲ ಚಿತ್ರಗಳೇ, ಈ ದಾರಿಯಲ್ಲಿ ಬಂದವು. ‘ತಿಥಿ’ 2015ರಲ್ಲಿ ಲೊಕಾರ್ನೊದಲ್ಲಿ ಚೊಚ್ಚಲ ಚಿತ್ರದ ಪ್ರಶಸ್ತಿಯನ್ನೂ ಪಡೆಯಿತು. ‘ಪೆಡ್ರೊ’ 2021ರಲ್ಲಿ ಬೂಸಾನ್‌ಗೆ ಹೋಯಿತು. ಹೆಸರಿನಲ್ಲಿ ಲ್ಯಾಬ್ ಎಂದಿದೆಯೆಂದು ಚಿತ್ರಕಥೆಯನ್ನು ಅಲ್ಲಿಗೆ ಕಳಿಸಿದರೆ ಅರ್ಜಿ ಶುಲ್ಕ ಹೋದಂತೆ.

ನಿಯಮ, ಶುಲ್ಕ, ಅರ್ಜಿಯ ಗಡುವು ವರ್ಷವರ್ಷ ಬದಲಾಗುತ್ತವೆ. ಹಿಂದಿನ ವರ್ಷ ಅರ್ಜಿ ಹಾಕಿದ ಗೆಳೆಯರ ಮಾತನ್ನು ನಂಬಿ ಕೂರಬೇಡಿ; ಆಯಾ ವರ್ಷದ ಪ್ರಕಟಣೆಯನ್ನೇ ಓದಿ. ಎರಡು ಲೆಕ್ಕ ಮುಖ್ಯ: ಅರ್ಜಿಗೆ ಎಷ್ಟು ಶುಲ್ಕ, ಆಯ್ಕೆಯಾದ ಮೇಲೆ ಊಟ, ವಸತಿ, ಪ್ರಯಾಣ ಯಾರ ಖರ್ಚು. ಎರಡನೆಯದನ್ನು ಕೇಳದೆ ಹೋದವರು ಕೊನೇ ಗಳಿಗೆಯಲ್ಲಿ ಸಾಲ ಮಾಡಬೇಕಾಗುತ್ತದೆ.

ಅರ್ಜಿಯ ಕಾಗದಗಳು

ಬಹುತೇಕ ಲ್ಯಾಬ್‌ಗಳು ಕೇಳುವುದು ಐದು ವಸ್ತು: ಲಾಗ್‌ಲೈನ್, ಸಾರಾಂಶ, ಟ್ರೀಟ್‌ಮೆಂಟ್ ಅಥವಾ ಚಿತ್ರಕಥೆ, ನಿರ್ದೇಶಕನ ಟಿಪ್ಪಣಿ, ನಿಮ್ಮ ಪರಿಚಯ. ಹಿಂದೆ ಮಾಡಿದ ಕಿರುಚಿತ್ರವಿದ್ದರೆ ಅದರ ಲಿಂಕ್.

*ಲಾಗ್‌ಲೈನ್.* ನಮ್ಮವರು ‘ಒನ್‌ಲೈನ್’ ಎನ್ನುವುದು ಇದಕ್ಕೇ. ಆದರೆ ಒನ್‌ಲೈನ್ ಎಂದು ಎರಡು ಪುಟ ಬರೆಯುವ ರೂಢಿಯೂ ನಮ್ಮಲ್ಲಿದೆ. ಇಲ್ಲಿ ಎರಡೇ ವಾಕ್ಯ. ಒಂದು ಕಲ್ಪಿತ ಕಥೆ ಇಟ್ಟುಕೊಳ್ಳೋಣ. ಶಿರಸಿ ಕಡೆಯ ಒಬ್ಬ ಕೊನೆಗೌಡ, ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವನು.

ಹೀಗೆ ಬರೆದರೆ ಕೆಲಸಕ್ಕೆ ಬಾರದು: “ಬದಲಾಗುತ್ತಿರುವ ಮಲೆನಾಡಿನಲ್ಲಿ ಸಂಪ್ರದಾಯ ಮತ್ತು ಆಧುನಿಕತೆಯ ನಡುವೆ ಸಿಕ್ಕ ಕೊನೆಗೌಡನೊಬ್ಬನ ಮನಮಿಡಿಯುವ ಕಥೆ.” ಇದರಲ್ಲಿ ವಿಷಯವಿದೆ, ಕಥೆಯಿಲ್ಲ. ಯಾರಿಗೆ ಏನು ಬೇಕು, ಅಡ್ಡಿ ಯಾವುದು, ತಪ್ಪಿದರೆ ಏನಾಗುತ್ತದೆ ಎಂಬುದು ಗೊತ್ತಾಗುವುದಿಲ್ಲ.

ಹೀಗೆ ಬರೆದರೆ ಓದುವವರು ಪುಟ ತಿರುಗಿಸುತ್ತಾರೆ: “ಕಣ್ಣು ಮಂಜಾಗುತ್ತಿರುವುದನ್ನು ಊರಿಗೆಲ್ಲ ಮುಚ್ಚಿಟ್ಟಿರುವ ಅರವತ್ತರ ಕೊನೆಗೌಡ, ಮಗಳ ಮದುವೆಗೆ ತಂದ ಮುಂಗಡ ತೀರಿಸಲು ಈ ಒಂದು ಕೊಯ್ಲು ಮುಗಿಸಲೇಬೇಕು. ಗುಟ್ಟು ಗೊತ್ತಿರುವುದು ಕೆಳಗೆ ಹಗ್ಗ ಹಿಡಿಯುವ ಮಗನೊಬ್ಬನಿಗೆ; ಅವನಿಗೋ ಕಾರ್ಬನ್ ಫೈಬರ್ ದೋಟಿ ಕೊಂಡು, ಅಪ್ಪನ ಕಸುಬನ್ನೇ ಬೇಡವಾಗಿಸುವ ಆಸೆ.” ಸಂಪ್ರದಾಯ, ಆಧುನಿಕತೆ ಎಂಬ ಮಾತುಗಳಿಲ್ಲ. ಎರಡೂ ದೋಟಿಯಲ್ಲೇ ಬಂದಿವೆ.

*ಸಾರಾಂಶ.* ಒಂದರಿಂದ ಎರಡು ಪುಟ. ಕೊನೆಯನ್ನು ಬಚ್ಚಿಡಬೇಡಿ. “ಮುಂದೇನಾಯಿತು ಎಂಬುದನ್ನು ತೆರೆಯ ಮೇಲೆ ನೋಡಿ” ಎಂಬುದು ಪೋಸ್ಟರಿನ ಭಾಷೆ. ಆಯ್ಕೆ ಮಾಡುವವರಿಗೆ ನಿಮ್ಮ ಕಥೆ ಎಲ್ಲಿ ಮುಗಿಯುತ್ತದೆ, ಆ ಮುಕ್ತಾಯ ದಕ್ಕಿದ್ದೋ ಅಂಟಿಸಿದ್ದೋ ಎಂದು ತಿಳಿಯಬೇಕು. ಕೊನೆಗೌಡ ಮರದಿಂದ ಬೀಳುತ್ತಾನೋ, ತಾನಾಗಿ ಇಳಿದು ಬರುತ್ತಾನೋ, ಮಗ ಹಗ್ಗ ಬಿಟ್ಟು ಹೋಗುತ್ತಾನೋ: ಹೇಳಿಬಿಡಿ.

*ಟ್ರೀಟ್‌ಮೆಂಟ್.* ಹತ್ತು ಹದಿನೈದು ಪುಟದಲ್ಲಿ, ಕಣ್ಣಿಗೆ ಕಾಣುವುದನ್ನು ಮತ್ತು ಕಿವಿಗೆ ಕೇಳುವುದನ್ನು ಮಾತ್ರ ವರ್ತಮಾನ ಕಾಲದಲ್ಲಿ ಬರೆಯಿರಿ. “ಅವನಿಗೆ ತನ್ನ ಬಾಳೇ ವ್ಯರ್ಥವೆನಿಸುತ್ತದೆ” ಎಂಬ ವಾಕ್ಯವನ್ನು ಚಿತ್ರೀಕರಿಸಲಾಗದು. “ಮರದಿಂದ ಮರಕ್ಕೆ ಜೀಕುವ ಮೊದಲು ಎದುರಿನ ಮರವನ್ನು ಕೈಯಿಂದ ತಡವುತ್ತಾನೆ, ಮಗ ಕೆಳಗಿನಿಂದ ದೂರ ಎಷ್ಟೆಂದು ಮೆಲ್ಲಗೆ ಕೂಗಿ ಹೇಳುತ್ತಾನೆ” ಎಂಬುದನ್ನು ಚಿತ್ರೀಕರಿಸಬಹುದು. ಅಪ್ಪ ಮಗನ ನಂಟೂ ಅದರಲ್ಲೇ ಗೊತ್ತಾಗುತ್ತದೆ. ಕಾದಂಬರಿ ಓದಿ ಬೆಳೆದವರು ಎಡವುವುದು ಹೆಚ್ಚಾಗಿ ಇಲ್ಲೇ.

*ಚಿತ್ರಕಥೆ.* ಇಂಗ್ಲಿಷ್ ಚಿತ್ರಕಥೆಯ ನಿಗದಿತ ಅಚ್ಚಿನಲ್ಲಿ, ಕೊರಿಯರ್ ಅಕ್ಷರದಲ್ಲಿ, 12 ಪಾಯಿಂಟ್ ಗಾತ್ರದಲ್ಲಿ ಒಂದು ಪುಟಕ್ಕೆ ಒಂದು ನಿಮಿಷ ಎಂದು ಲೆಕ್ಕ. ಹಾಗಾಗಿ 90ರಿಂದ 120 ಪುಟ ಎಂದು ಕೇಳುತ್ತಾರೆ. ಕನ್ನಡದಲ್ಲಿ ಬರೆದ ಪ್ರತಿಗೆ ಈ ಲೆಕ್ಕ ಸರಿಬರುವುದಿಲ್ಲ; ಒಂದೆರಡು ದೃಶ್ಯವನ್ನು ಗಟ್ಟಿಯಾಗಿ ಓದಿ, ಗಡಿಯಾರ ನೋಡಿ, ನಿಮ್ಮದೇ ಅಳತೆ ಕಂಡುಕೊಳ್ಳಿ. ದೃಶ್ಯಶೀರ್ಷಿಕೆಯಲ್ಲಿ ಒಳಾಂಗಣವೋ ಹೊರಾಂಗಣವೋ, ಜಾಗ, ಹೊತ್ತು ಮೂರೂ ಇರಲಿ. ಕ್ಯಾಮೆರಾ ಆಂಗಲ್, ಲೆನ್ಸ್, ಹಿನ್ನೆಲೆ ಸಂಗೀತದ ಸೂಚನೆಗಳನ್ನು ಕಿತ್ತುಹಾಕಿ.

*ನಿರ್ದೇಶಕನ ಟಿಪ್ಪಣಿ.* ಅರ್ಜಿ ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಈ ಒಂದು ಪುಟದಲ್ಲಿ. ಕಥೆಯನ್ನು ಮತ್ತೆ ಹೇಳಬೇಡಿ. ನಿಮಗೇ ಈ ಕಥೆ ಯಾಕೆ, ಈಗಲೇ ಯಾಕೆ, ಹೇಗೆ ತೋರಿಸುತ್ತೀರಿ ಎಂದು ಬರೆಯಿರಿ. ಮೆಚ್ಚಿನ ವಿದೇಶಿ ನಿರ್ದೇಶಕರ ಹೆಸರು ಸುರಿಯುವುದಕ್ಕಿಂತ, ಅಡಿಕೆ ತೋಟದ ನೆರಳಿನಲ್ಲಿ ಹಗಲು ಹೊತ್ತಿನಲ್ಲೂ ಬೆಳಕು ಎಷ್ಟು ಕಡಿಮೆ, ಕಣ್ಣು ಮಂಜಾದವನ ನೋಟಕ್ಕೆ ಅದನ್ನು ಹೇಗೆ ಬಳಸುತ್ತೀರಿ ಎಂಬ ಒಂದು ಮಾತು ಮೇಲು. ಈ ತೋಟಕ್ಕೂ ನಿಮಗೂ ಏನು ಸಂಬಂಧ ಎಂಬುದನ್ನೂ ಮುಚ್ಚಿಡಬೇಡಿ. ಸಂಬಂಧವಿಲ್ಲದಿದ್ದರೆ, ಅಲ್ಲಿನ ಜೀವನವನ್ನು ಹೇಗೆ ತಿಳಿದುಕೊಂಡಿರಿ ಎಂದು ಹೇಳಿ.

ಭಾಷೆ ಮತ್ತು ಕಡತ

ಅರ್ಜಿಯ ಕಾಗದಗಳನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಕೇಳುತ್ತಾರೆ. ಹಾಗೆಂದು ಮೊದಲ ಕರಡನ್ನೇ ಇಂಗ್ಲಿಷಿನಲ್ಲಿ ಬರೆಯಲು ಹೋಗಬೇಡಿ. ನಿಮ್ಮ ಪಾತ್ರಗಳು ಯಾವ ಊರಿನ ಮಾತಾಡುತ್ತವೋ ಆ ಮಾತಿನಲ್ಲೇ ಸಂಭಾಷಣೆ ಹುಟ್ಟಲಿ. ಆಮೇಲೆ ಅನುವಾದ. ಅನುವಾದಕರು ಆ ಸೀಮೆಯ ಮಾತು ಬಲ್ಲವರಾಗಿರಲಿ. ಇಂಗ್ಲಿಷ್ ಪಾಂಡಿತ್ಯ ಮೆರೆಸುವವರಿಗಿಂತ ಸರಳವಾಗಿ ಬರೆಯುವವರು ಸಿಗಲಿ. ಬೈಗುಳ, ಗಾದೆ, ಹಾಸ್ಯ ಮೂರರಲ್ಲೂ ಪದಕ್ಕೆ ಪದ ಹುಡುಕಬಾರದು. ಆ ಜಾಗದಲ್ಲಿ ಪಾತ್ರ ಏನು ಮಾಡುತ್ತಿದೆ, ಚುಚ್ಚುತ್ತಿದೆಯೋ ತಪ್ಪಿಸಿಕೊಳ್ಳುತ್ತಿದೆಯೋ, ಅದನ್ನು ಅನುವಾದಿಸಬೇಕು. ಅನುವಾದಕರಿಗೆ ಸಂಭಾವನೆ ಕೊಡಿ. ಗೆಳೆತನದ ಮೇಲೆ ನೂರು ಪುಟ ಮಾಡಿಸಿದರೆ ಗಡುವಿನ ಹಿಂದಿನ ರಾತ್ರಿ ಅದು ಅರ್ಧಕ್ಕೆ ನಿಂತಿರುತ್ತದೆ.

ಕನ್ನಡ ಪ್ರತಿಯನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಕಡತ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಾಗದ ಗುರುತುಗಳಾಗಿ ಕಾಣುತ್ತದೆ. ಏನೇ ಕಳಿಸಿದರೂ ಪಿಡಿಎಫ್ ಮಾಡಿ, ಇನ್ನೊಬ್ಬರ ಮೊಬೈಲಿನಲ್ಲಿ ತೆರೆದು ನೋಡಿ, ಆಮೇಲೆ ಕಳಿಸಿ. ಕಡತಕ್ಕೆ ‘ಫೈನಲ್’, ‘ಫೈನಲ್ ಹೊಸದು’ ಎಂದೆಲ್ಲ ಹೆಸರಿಡದೆ, ಚಿತ್ರದ ಹೆಸರು, ಕರಡಿನ ಸಂಖ್ಯೆ ಮತ್ತು ತಾರೀಖು ಬರೆಯಿರಿ.

ಒಳಗೆ ಹೋದ ಮೇಲೆ

ಲ್ಯಾಬಿನ ಮೊದಲ ದಿನವೇ ಎದುರಾಗುವ ಪ್ರಶ್ನೆಗಳು ಕೇಳಲು ಸುಲಭ. ಇದು ಯಾರ ಕಥೆ? ಅವನಿಗೆ ಏನು ಬೇಕು? ಆ ಹನ್ನೆರಡನೆಯ ದೃಶ್ಯ ತೆಗೆದರೆ ಏನು ಹೋಗುತ್ತದೆ? ಅಪ್ಪನ ಕಥೆ ಎಂದು ಬರೆದದ್ದು ನಿಜವಾಗಿ ಮಗನ ಕಥೆಯೋ ಎಂಬ ಸಂಶಯ ಅಲ್ಲೇ ಹುಟ್ಟಬಹುದು. ಹುಟ್ಟಲಿ. ಕೊನೆಗೌಡನ ಉದಾಹರಣೆಯಲ್ಲೇ ನೋಡಿ: ಗುಟ್ಟು ಕಾಯುವವನು ಮಗ, ಆಸೆಯಿರುವವನು ಮಗ, ನಿರ್ಧಾರ ಮಾಡಬೇಕಾದವನೂ ಮಗ. ಹಾಗಾದರೆ ಕ್ಯಾಮೆರಾ ಮರದ ಮೇಲಿರಬೇಕೋ, ಕೆಳಗೆ ಹಗ್ಗದ ತುದಿಯಲ್ಲೋ? ಇಂಥ ಒಂದು ಪ್ರಶ್ನೆ ಸಿಕ್ಕರೆ ಹೋದದ್ದು ಸಾರ್ಥಕ.

ಮಾರ್ಗದರ್ಶಕರು ಒಬ್ಬರಿಗೊಬ್ಬರು ವಿರುದ್ಧ ಹೇಳುತ್ತಾರೆ. ಕ್ವೆಂಟಿನ್ ಟ್ಯಾರಂಟಿನೊ 1991ರಲ್ಲಿ ‘ರಿಸರ್ವಾಯರ್ ಡಾಗ್ಸ್’ ಹಿಡಿದುಕೊಂಡು ಸನ್‌ಡ್ಯಾನ್ಸ್ ಲ್ಯಾಬಿಗೆ ಹೋದಾಗ, ಮೊದಲ ತಂಡದ ಮಾರ್ಗದರ್ಶಕರಿಗೆ ಅವರ ಉದ್ದುದ್ದ ಶಾಟ್‌ಗಳು ಸರಿಕಾಣಲಿಲ್ಲ. ಆಮೇಲೆ ಬಂದ ಟೆರಿ ಗಿಲಿಯಮ್ ಮೊದಲಾದವರ ತಂಡ ಅದನ್ನೇ ಮೆಚ್ಚಿಕೊಂಡಿತು. ಟ್ಯಾರಂಟಿನೊ ತಮ್ಮ ದಾರಿ ಬಿಡಲಿಲ್ಲ. ಮರುವರ್ಷ ಸಿನಿಮಾ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲೇ ಪ್ರದರ್ಶನವಾಯಿತು. ಆದರೆ ಯಾರ ಮಾತನ್ನೂ ಕೇಳಬೇಕಿಲ್ಲ ಎಂಬುದು ಇದರ ಪಾಠವಲ್ಲ. ಎಲ್ಲರ ಮಾತನ್ನೂ ಕೇಳಿಸಿಕೊಂಡು, ಬಿಡುವುದೇನು ಹಿಡಿಯುವುದೇನು ಎಂದು ತಾನೇ ತೀರ್ಮಾನಿಸುವಷ್ಟು ತನ್ನ ಸಿನಿಮಾವನ್ನು ಬಲ್ಲವರಿಗೆ ಮಾತ್ರ ಲ್ಯಾಬ್ ದಕ್ಕುತ್ತದೆ.

ಅಭಿಪ್ರಾಯ ಕೇಳುವುದಕ್ಕೂ ಕ್ರಮವಿದೆ. ಕೂತಲ್ಲೇ ವಾದಕ್ಕೆ ಇಳಿಯಬೇಡಿ, ಬರೆದುಕೊಳ್ಳಿ. ಎಲ್ಲಿ ಬೇಸರವಾಯಿತು ಎಂದು ಅವರು ಹೇಳುವುದು ಬಹಳ ಸಲ ಸರಿ. ಅದಕ್ಕೆ ಅವರು ಸೂಚಿಸುವ ಮದ್ದು ಸರಿಯಿರಬೇಕೆಂದಿಲ್ಲ. ಒಬ್ಬರು “ನಲವತ್ತನೇ ಪುಟದಲ್ಲಿ ಒಂದು ಸಾವು ಬೇಕು” ಎನ್ನುತ್ತಾರೆ, ಇನ್ನೊಬ್ಬರು “ನಲವತ್ತನೇ ಪುಟದ ಹೊತ್ತಿಗೆ ನಗು ಬೇಕು” ಎನ್ನುತ್ತಾರೆ. ಇಬ್ಬರ ಬೆರಳೂ ಅದೇ ಪುಟದ ಮೇಲಿದೆ. ತೊಂದರೆ ಅಲ್ಲಿದೆ ಎನ್ನುವುದು ಖಚಿತ, ಮದ್ದು ಅರೆಯಬೇಕಾದವರು ನೀವು. ಮನೆಗೆ ಬಂದ ಮೇಲೆ ಒಂದು ವಾರ ಕಡತ ಮುಟ್ಟಬೇಡಿ. ಆಮೇಲೂ ನೆನಪಿನಲ್ಲಿ ಉಳಿದ ಮಾತುಗಳಿಂದ ತಿದ್ದಲು ಶುರುಮಾಡಿ, ಉಳಿದವನ್ನು ನೋಟ್‌ಬುಕ್ಕಿನಲ್ಲಿ ಹುಡುಕಿ.

ಹಕ್ಕು ಮತ್ತು ಕರಾರು

“ಕಥೆ ಕದ್ದುಬಿಟ್ಟರೆ?” ಎಂಬ ಭಯಕ್ಕೆ ಅನೇಕರು ಚಿತ್ರಕಥೆಯನ್ನು ಯಾರಿಗೂ ತೋರಿಸುವುದೇ ಇಲ್ಲ. ಕಾನೂನು ಏನನ್ನು ಕಾಯುತ್ತದೆ ಎಂದು ತಿಳಿದರೆ ಈ ಭಯ ಹತೋಟಿಗೆ ಬರುತ್ತದೆ. ‘ಹಮ್ ಹಿಂದೂಸ್ತಾನಿ’ ನಾಟಕ ಮತ್ತು ‘ನ್ಯೂ ಡೆಲ್ಲಿ’ ಸಿನಿಮಾ ಕುರಿತ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಸ್ಪಷ್ಟಪಡಿಸಿತು: ಬರೀ ಕಲ್ಪನೆಗೆ, ವಸ್ತುವಿಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಬರೆದ ರೀತಿಗೆ, ಕಟ್ಟಿದ ಬಗೆಗೆ ಇದೆ. ಅಂದರೆ ಬಾಯಲ್ಲಿ ಹೇಳಿದ ಒನ್‌ಲೈನ್‌ಗೆ ರಕ್ಷಣೆ ಇಲ್ಲವೆಂದೇ ಹೇಳಬೇಕು, ವಿವರವಾಗಿ ಬರೆದ ಚಿತ್ರಕಥೆಗೆ ಇದೆ. ಬರೆಯುವುದೇ ಮೊದಲ ಭದ್ರತೆ.

ಅರ್ಜಿ ಕಳಿಸುವ ಮುಂಚೆ ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ನಿನ ಸದಸ್ಯರಾಗಿ ಆನ್‌ಲೈನ್‌ನಲ್ಲಿ ಚಿತ್ರಕಥೆ ನೋಂದಾಯಿಸಬಹುದು. ಕೇಂದ್ರ ಸರ್ಕಾರದ ಕೃತಿಸ್ವಾಮ್ಯ ಕಚೇರಿಯಲ್ಲೂ ಸಾಹಿತ್ಯ ಕೃತಿಯಾಗಿ ನೋಂದಾಯಿಸಬಹುದು. ಶುಲ್ಕ 500 ರೂಪಾಯಿ. ಶೀರ್ಷಿಕೆಯ ವಿಷಯ ಬೇರೆ. ಅದನ್ನು ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿದರೆ ಚಿತ್ರಕಥೆ ನೋಂದಾಯಿಸಿದಂತೆ ಆಗುವುದಿಲ್ಲ.

ಕಥೆ, ಕಾದಂಬರಿ ಆಧರಿಸಿದ್ದರೆ ಅನುಮತಿ ಪತ್ರವಿಲ್ಲದೆ ಅರ್ಜಿ ಹಾಕಬೇಡಿ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಅವರ ವಾರಸುದಾರರದ್ದು. ಮಾಸ್ತಿಯವರು 1986ರಲ್ಲಿ ತೀರಿಕೊಂಡರು. ಅವರ ಕಥೆಗಳ ಹಕ್ಕು 2046ರ ಕೊನೆಯವರೆಗೂ ಇರುತ್ತದೆ. 1913ರಲ್ಲಿ ತೀರಿಕೊಂಡ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಗೆ ಯಾರನ್ನೂ ಕೇಳಬೇಕಿಲ್ಲ. ಅನುಮತಿ ಪಡೆಯುವಾಗ ಅವಧಿಯನ್ನು ಪತ್ರದಲ್ಲಿ ಬರೆಸಿ. ಬರೆಯದಿದ್ದರೆ ಕಾನೂನು ಐದು ವರ್ಷ ಎಂದು ತಿಳಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ತಿಳಿಯುತ್ತದೆ. ಬೇರೆ ಮಾತಿಲ್ಲದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷ ಬಳಸದೆ ಇಟ್ಟುಕೊಂಡರೂ ಅದು ಕೈತಪ್ಪುತ್ತದೆ. ಮೊದಲ ಚಿತ್ರಕ್ಕೆ ನಾಲ್ಕೈದು ವರ್ಷ ಹಿಡಿಯುವುದು ಸಾಮಾನ್ಯವಾದ್ದರಿಂದ ಈ ಮೂರನ್ನೂ ಮರೆಯುವಂತಿಲ್ಲ.

ಆಯ್ಕೆಯಾದ ಮೇಲೆ ಲ್ಯಾಬಿನವರು ಕೊಡುವ ಕರಾರನ್ನು ಓದಿಯೇ ಸಹಿ ಹಾಕಿ. ಸಿನಿಮಾದಲ್ಲಿ ಅವರ ಲೋಗೋ ಹಾಕಬೇಕೆನ್ನುವುದು ಮಾಮೂಲು. ಚಿತ್ರಕಥೆಯ ಹಕ್ಕಿನಲ್ಲಿ ಪಾಲು, ನಿರ್ಮಾಣದಲ್ಲಿ ಮೊದಲ ಅವಕಾಶ, ದುಡ್ಡು ವಾಪಸು ಎಂಬ ಷರತ್ತುಗಳಿದ್ದರೆ ವಕೀಲರಿಗೆ ತೋರಿಸಿ. ಮುಂದೆ ನಿರ್ಮಾಪಕರ ಜೊತೆ ಕರಾರು ಮಾಡುವಾಗ ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ನೆನಪಿರಲಿ: ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆ ಬಳಕೆಗಳಿಂದ ಬರುವ ರಾಯಧನದಲ್ಲಿ ಚಿತ್ರಕಥೆಗಾರರಿಗಿರುವ ಪಾಲನ್ನು ನಿರ್ಮಾಪಕರಿಗೆ ಬರೆದುಕೊಟ್ಟರೂ ಅದು ಊರ್ಜಿತವಲ್ಲ.

ಆಯ್ಕೆ ಆಗದಿದ್ದರೆ

ಆರೆಂಟು ಜಾಗಕ್ಕೆ ದೇಶದ ಎಲ್ಲ ಭಾಷೆಯವರೂ ಅರ್ಜಿ ಹಾಕುತ್ತಾರೆ. ಹೆಚ್ಚಿನವರಿಗೆ ಸಿಗುವುದು ಇಲ್ಲ ಎಂಬ ಉತ್ತರವೇ. ಆದರೆ ಲ್ಯಾಬಿನ ಕೆಲಸದ ದೊಡ್ಡ ಭಾಗವನ್ನು ಊರಲ್ಲೇ ಮಾಡಿಕೊಳ್ಳಬಹುದು.

ಐದು ಓದುಗರನ್ನು ಆರಿಸಿ. ಒಬ್ಬರು ನಿಮ್ಮ ಕಥೆಯ ಲೋಕದವರು, ಮರ ಹತ್ತಿ ಗೊತ್ತಿರುವವರು. ಓದು ಬರದಿದ್ದರೆ ಓದಿ ಹೇಳಿ. ಅವರು ನಗುವ ಜಾಗ ಗುರುತು ಹಾಕಿಕೊಳ್ಳಿ. ಒಬ್ಬರು ಎಡಿಟರ್; ಯಾವ ದೃಶ್ಯ ಕತ್ತರಿಗೆ ಹೋಗುತ್ತದೆ ಎಂದು ಅವರಿಗೆ ಮೊದಲೇ ವಾಸನೆ ಬರುತ್ತದೆ. ಒಬ್ಬರು ಕಥೆಗಾರರು, ಒಬ್ಬರು ರಂಗಭೂಮಿಯವರು. ಇನ್ನೊಬ್ಬರು ಸಿನಿಮಾ ನೋಡುವುದು ಬಿಟ್ಟು ಬೇರೇನೂ ಗೊತ್ತಿಲ್ಲದವರು. ಮನೆಯವರು ಬೇಡ, ಅವರಿಗೆ ನಿಮ್ಮನ್ನು ನೋಯಿಸಲು ಮನಸ್ಸಿರುವುದಿಲ್ಲ. ಎಲ್ಲರಿಗೂ ಅಚ್ಚು ಹಾಕಿದ ಪ್ರತಿ ಕೊಟ್ಟು ಮೂರೇ ಪ್ರಶ್ನೆ ಕೇಳಿ: ಎಲ್ಲಿ ಕೆಳಗಿಟ್ಟಿರಿ? ಎಲ್ಲಿ ನಂಬಲಿಲ್ಲ? ಓದಿ ಎರಡು ದಿನವಾದ ಮೇಲೆ ಏನು ನೆನಪಿದೆ?

ಆಮೇಲೆ ಗಟ್ಟಿಯಾಗಿ ಓದಿಸಿ. ಹವ್ಯಾಸಿ ನಾಟಕ ತಂಡವಿಲ್ಲದ ತಾಲ್ಲೂಕು ನಮ್ಮಲ್ಲಿ ಅಪರೂಪ; ಬೇರೆ ಭಾಷೆಯ ಹೊಸಬರಿಗೆ ಇಷ್ಟು ಸುಲಭವಾಗಿ ದಕ್ಕದ ಬಂಡವಾಳ ಅದು. ನಾಲ್ಕು ನಟರನ್ನು ಕೂರಿಸಿ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಹಂಚಿ, ನೀವು ಬಾಯಿ ಮುಚ್ಚಿಕೊಂಡು ಕೇಳಿ. ನಾಲಿಗೆಗೆ ತೊಡರುವ ಸಂಭಾಷಣೆ, ವಿನಾಕಾರಣ ಸುಮ್ಮನೆ ಕೂತಿರುವ ಪಾತ್ರ, ಎರಡು ಸಲ ಬಂದ ಅದೇ ದೃಶ್ಯ ತಾವಾಗಿಯೇ ಎದ್ದು ಕಾಣುತ್ತವೆ. ‘ತಿಥಿ’ಯ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ರಾಮ್ ರೆಡ್ಡಿ ಮತ್ತು ಈರೇಗೌಡ ಮಂಡ್ಯ ಸೀಮೆಯ ಊರಿನಲ್ಲಿ ಮೊದಲು ಜನರನ್ನು ಆರಿಸಿಕೊಂಡು, ಅವರ ನಡೆನುಡಿಯ ಸುತ್ತ ಚಿತ್ರಕಥೆ ಕಟ್ಟಿದರು.

ಇನ್ನು ಅರ್ಜಿಯ ವೇಳಾಪಟ್ಟಿ. ಗೋವಾದ ಫಿಲ್ಮ್ ಬಜಾರ್ ನವೆಂಬರಿನಲ್ಲಿ. ಅರ್ಜಿ ಕರೆಯುವುದು ಅದಕ್ಕೆ ಹಲವು ತಿಂಗಳು ಮೊದಲು. ಲೆಕ್ಕ ಹಿಂದಿನಿಂದ ಹಾಕಿ: ಗಡುವಿಗೆ ಒಂದು ತಿಂಗಳ ಮುಂಚೆ ಅನುವಾದ ಕೈಸೇರಬೇಕು, ಅದಕ್ಕೆ ಎರಡು ತಿಂಗಳ ಮುಂಚೆ ಕನ್ನಡದ ಎರಡನೆಯ ಕರಡು ಮುಗಿದಿರಬೇಕು, ಅದಕ್ಕೂ ಎರಡು ತಿಂಗಳ ಮುಂಚೆ ಮೊದಲ ಕರಡು ಐವರು ಓದುಗರ ಕೈಯಲ್ಲಿರಬೇಕು. ಹೀಗೆ ತಯಾರಾದ ಚಿತ್ರಕಥೆ ಲ್ಯಾಬಿಗೆ ಹೋಗಲಿ, ಬಿಡಲಿ, ಶೂಟಿಂಗಿಗೆ ಹೋಗುವಷ್ಟಂತೂ ಗಟ್ಟಿಯಾಗಿರುತ್ತದೆ. ಒಂದು ದೃಶ್ಯವನ್ನು ಕಾಗದದ ಮೇಲೆ ಹತ್ತು ಸಲ ತಿದ್ದಿದರೂ ನಷ್ಟವಾಗುವುದು ಒಂದಿಷ್ಟು ಹಾಳೆ, ನಾಲ್ಕು ರಾತ್ರಿಯ ನಿದ್ದೆ. ಅದನ್ನೇ ಲೊಕೇಶನ್ನಿನಲ್ಲಿ ನಿಂತು ತಿದ್ದಲು ಹೊರಟರೆ ಇಡೀ ಯೂನಿಟ್ಟಿನ ಒಂದು ದಿನದ ಖರ್ಚು ತೆರಬೇಕು.